ಎರಿ ಮಣ್ಣು, ಮುರುಮ್, ಫರ್ಸಿ ಕಲ್ಲು: ದೂರದ ಹಾದಿಗೆ ಹಗುರ ಅಡ್ವೆಂಚರ್ ಗಾಡಿ ಯಾವುದು?

ಜುಲೈದಾಗ ಒಂದು ದೊಡ್ಡ ಮಳೆ ಬಿದ್ದ ಮರುದಿನ ಕಲಬುರಗಿ ಸುತ್ತಲಿನ ಯಾವುದೇ ಬಂಡಿ ಹಾದಿಗೆ ಗಾಡಿ ಇಳಿಸಿ ನೋಡಿ. ನೂರು ಹೆಜ್ಜೆ ದಾಟುವುದರೊಳಗೆ ಎರಿ ಮಣ್ಣು ಟೈರಿನ ಗಟ್ಟಿಗಳ ಸಂದು ಮುಚ್ಚುತ್ತದೆ, ಮುಂದಿನ ಮಡ್‌ಗಾರ್ಡಿನ ಒಳಗೆ ನಾದಿದ ರೊಟ್ಟಿ ಹಿಟ್ಟಿನಂತೆ ತುಂಬಿಕೊಳ್ಳುತ್ತದೆ, ಆಮೇಲೆ ಚಕ್ರ ತಿರುಗುವುದೇ ಇಲ್ಲ. ಆ ಹೊತ್ತಿಗೆ ಎಂಜಿನ್ 40 ಪಿಎಸ್ (ಶಕ್ತಿಯ ಅಳತೆ, ಹೆಚ್ಚುಕಡಿಮೆ ಹಾರ್ಸ್‌ಪವರ್) ಇದ್ದರೂ ಅಷ್ಟೇ, 19 ಇದ್ದರೂ ಅಷ್ಟೇ. ರಾಡಿಯಲ್ಲಿ ಮಲಗಿದ ಗಾಡಿಯನ್ನು ಒಬ್ಬರೇ ಎತ್ತಬಲ್ಲಿರಾ ಎನ್ನುವುದೊಂದೇ ಅಲ್ಲಿ ಲೆಕ್ಕಕ್ಕೆ ಬರುತ್ತದೆ.

ಆದರೆ ಗಾಡಿ ಕೊಳ್ಳುವವರ ತಲೆಯಲ್ಲಿರುವುದು ಸ್ಪಿತಿ, ಲಡಾಖ್. ಬೀದರ್‌ನಿಂದ ಮನಾಲಿ ಮುಟ್ಟುವ ಹೊತ್ತಿಗೆ ಎರಡು ಸಾವಿರ ಕಿಲೋಮೀಟರ್‌ಗೂ ಹೆಚ್ಚು ಹೆದ್ದಾರಿ ತುಳಿದಿರುತ್ತೀರಿ. ಗಾಡಿಯನ್ನು ರೈಲಿಗೆ ಹಾಕಿ ಕಳಿಸುವವರದು ಬೇರೆ ಲೆಕ್ಕ. ಓಡಿಸಿಕೊಂಡೇ ಹೋಗುವವರಿಗೆ ಆ ಎರಡು ಸಾವಿರದಲ್ಲಿ ಸಣ್ಣ ಎಂಜಿನ್ ಬೇಸರ ತರಿಸುತ್ತದೆ. ಹೀಗಾಗಿ ಮೊದಲು ಒಂದು ಚೀಟಿ ಬರೆಯಿರಿ: ವರ್ಷಕ್ಕೆ ಎಷ್ಟು ದಿನ ಹೆದ್ದಾರಿ, ಎಷ್ಟು ದಿನ ಮಣ್ಣು? ಐದು ವರ್ಷಕ್ಕೊಮ್ಮೆ ಆಗುವ ಲಡಾಖ್ ಪ್ರಯಾಣಕ್ಕಾಗಿ ಉಳಿದ ದಿನವೆಲ್ಲ 196 ಕೆ.ಜಿ.ಯ ಗಾಡಿ ಹೊತ್ತು ತಿರುಗುವುದು ನಮ್ಮ ಲೆಕ್ಕದಲ್ಲಿ ನಷ್ಟದ ಬಾಬ್ತು.

ಈಗ ಅಂಗಡಿಯಲ್ಲಿ ನೋಡಬೇಕಾದ ಗಾಡಿಗಳು ಇವು. ತೂಕವೆಲ್ಲ ಪೆಟ್ರೋಲ್, ಆಯಿಲ್ ಸೇರಿಸಿ ಕಂಪನಿ ಹೇಳುವ ತೂಕ.

ಕವಾಸಾಕಿ ಕೆಎಲ್‌ಎಕ್ಸ್ 230: 139 ಕೆ.ಜಿ., ಟ್ಯಾಂಕ್ 7.6 ಲೀಟರ್, ಸೀಟ್ ಎತ್ತರ 880 ಮಿ.ಮೀ., ಚಕ್ರ 21 ಮತ್ತು 18 ಇಂಚು
ಹೀರೋ ಎಕ್ಸ್‌ಪಲ್ಸ್ 200 4ವಿ: ಸುಮಾರು 160 ಕೆ.ಜಿ., 13 ಲೀಟರ್, 825 ಮಿ.ಮೀ., 21 ಮತ್ತು 18
ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್: 167 ಕೆ.ಜಿ., 12 ಲೀಟರ್, 835 ಮಿ.ಮೀ., 19 ಮತ್ತು 17
ಹೀರೋ ಎಕ್ಸ್‌ಪಲ್ಸ್ 210: ಸುಮಾರು 170 ಕೆ.ಜಿ., 13 ಲೀಟರ್, 830 ಮಿ.ಮೀ., 21 ಮತ್ತು 18
ಕೆಟಿಎಂ 390 ಎಂಡ್ಯೂರೋ ಆರ್: ಸುಮಾರು 177 ಕೆ.ಜಿ., 9 ಲೀಟರ್, 860 ಮಿ.ಮೀ., 21 ಮತ್ತು 18
ಕೆಟಿಎಂ 390 ಅಡ್ವೆಂಚರ್ (2025ರ ಮಾದರಿ): ಸುಮಾರು 183 ಕೆ.ಜಿ., 14.5 ಲೀಟರ್, 830 ಮಿ.ಮೀ., 21 ಮತ್ತು 17
ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450: 196 ಕೆ.ಜಿ., 17 ಲೀಟರ್, 825ರಿಂದ 845 ಮಿ.ಮೀ., 21 ಮತ್ತು 17

ಕಾಗದದ ತೂಕ ಬೇರೆ, ಹಾದಿಯ ತೂಕ ಬೇರೆ. ಕ್ರ್ಯಾಶ್ ಗಾರ್ಡ್ ಮತ್ತು ಎಂಜಿನ್ ತಳ ಕಾಯುವ ದಪ್ಪ ಬ್ಯಾಶ್ ಪ್ಲೇಟ್ ಸೇರಿ 6ರಿಂದ 8 ಕೆ.ಜಿ. ಅಲ್ಯುಮಿನಿಯಂ ಪೆಟ್ಟಿಗೆ ಎರಡು, ಅವನ್ನು ಹಿಡಿದಿಡುವ ಕಬ್ಬಿಣದ ಚೌಕಟ್ಟು ಎಂದರೆ ಖಾಲಿಯೇ 15 ಕೆ.ಜಿ. ದಾಟುತ್ತದೆ. ಅದೇ ಬಟ್ಟೆಯ ಸ್ಯಾಡಲ್ ಚೀಲ ಮೂರ್ನಾಲ್ಕು ಕೆ.ಜಿ.ಯಲ್ಲಿ ಮುಗಿಯುತ್ತದೆ, ಬಿದ್ದಾಗ ಪೆಟ್ಟಿಗೆಯಂತೆ ಕಾಲನ್ನು ಅದರಡಿ ಸಿಕ್ಕಿಸಿ ಮುರಿಯುವುದೂ ಇಲ್ಲ. ಎಕ್ಸ್‌ಪಲ್ಸ್ ಕೊಂಡು ಅದರ ಮೇಲೆ 30 ಕೆ.ಜಿ. ಕಬ್ಬಿಣ, ಪೆಟ್ಟಿಗೆ ಏರಿಸಿದವರು ಹಿಮಾಲಯನ್ನಿನ ತೂಕವನ್ನು ಅರ್ಧ ಶಕ್ತಿಯ ಎಂಜಿನ್ನಿನಿಂದ ಎಳೆಸುತ್ತಿರುತ್ತಾರೆ. ಹಗುರ ಗಾಡಿ ಬೇಕೆಂದರೆ ಸಾಮಾನೂ ಹಗುರವಿರಬೇಕು: ಒಟ್ಟು 15 ಕೆ.ಜಿ. ಒಳಗೆ, ಪಾನಾ, ಟ್ಯೂಬ್, ನೀರಿನಂಥ ಭಾರದ್ದೆಲ್ಲ ಕೆಳಗೆ ಮತ್ತು ಮುಂದಕ್ಕೆ. ಹಿಂದಿನ ಆಕ್ಸಲ್‌ಗಿಂತ ಹಿಂದಕ್ಕೆ ಕಟ್ಟಿದ ಪ್ರತಿ ಕೆ.ಜಿ. ಮುಂದಿನ ಚಕ್ರವನ್ನು ಹಗುರ ಮಾಡುತ್ತದೆ. ಮರಳಿನಲ್ಲಿ ಹ್ಯಾಂಡಲ್ ಮಾತು ಕೇಳುವುದಿಲ್ಲ ಎನ್ನುವ ದೂರಿನ ಮೂಲ ಬಹಳ ಸಲ ಇದೇ.

ಎತ್ತುವ ಪರೀಕ್ಷೆಯನ್ನು ಕೊಳ್ಳುವ ಮೊದಲೇ ಮಾಡಿ. ಷೋರೂಮಿನವರು ಹೊಸ ಗಾಡಿ ಮಲಗಿಸಲು ಬಿಡುವುದಿಲ್ಲ. ಗೆಳೆಯರ ಗಾಡಿ ಕೇಳಿಕೊಂಡು ಹುಲ್ಲಿನ ಮೇಲೆ ಮಲಗಿಸಿ. ಎಂಜಿನ್ ಬಂದ್ ಮಾಡಿ ಮೊದಲ ಗೇರಿನಲ್ಲಿಡಿ, ಇಲ್ಲದಿದ್ದರೆ ಎತ್ತುವಾಗ ಉರುಳುತ್ತದೆ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡನ್ನು ಮೊದಲೇ ಬಿಚ್ಚಿಡಿ, ಎತ್ತಿದ ಮೇಲೆ ಆಚೆ ಕಡೆ ಉರುಳದಂತೆ ಅದು ಹಿಡಿಯುತ್ತದೆ. ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ, ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕೂತು, ಒಂದು ಕೈ ಕೆಳಗಿನ ಹಿಡಿಕೆಗೆ, ಇನ್ನೊಂದು ಕೈ ಸೀಟಿನ ಕೆಳಗಿನ ಚೌಕಟ್ಟಿಗೆ. ಬೆನ್ನು ನೆಟ್ಟಗಿಟ್ಟು ಕಾಲಿನ ಬಲದಿಂದ ಹಿಂದಕ್ಕೆ ಸಣ್ಣ ಸಣ್ಣ ಹೆಜ್ಜೆ ಹಾಕುತ್ತ ನೂಕಿ. ಒಮ್ಮೆ ಎತ್ತಿದರೆ ಸಾಲದು, ಐದು ಸಲ ಎತ್ತಿ. ಕೆಸರಿನ ದಿನವೊಂದರಲ್ಲಿ ಅಷ್ಟು ಸಲ ಬೀಳುವುದು ಮಾಮೂಲು. ಐದನೆಯ ಸಲಕ್ಕೆ ಕೈ ನಡುಗಿದರೆ ಆ ಗಾಡಿ ನಿಮಗೆ ಭಾರ.

ಬೀದರ್, ಕಲಬುರಗಿ, ಯಾದಗಿರಿ, ಈ ಮೂರು ಜಿಲ್ಲೆಯ ನೆಲ ಒಂದೇ ಅಲ್ಲ, ಹಾಗಾಗಿ ಒಂದೇ ಗಾಡಿ ಎಲ್ಲ ಕಡೆ ಸರಿ ಹೊಂದುವುದಿಲ್ಲ.

ಎರಿಯ ಮಾತು ಮೊದಲು, ಯಾಕೆಂದರೆ ಹೆಚ್ಚು ಕಾಡುವುದು ಅದೇ. ಮಳೆಗಾಲಕ್ಕೆ ಮುಂದಿನ ಮಡ್‌ಗಾರ್ಡ್ ಎಲ್ಲಿದೆ ನೋಡಿ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಎರಡು ಬೆರಳು ಮಾತ್ರ ಹೋಗುತ್ತಿದ್ದರೆ ಎರಿಯಲ್ಲಿ ಕೈ ಕೊಡುವುದು ಖಾತ್ರಿ. ಕೆಎಲ್‌ಎಕ್ಸ್, ಎಂಡ್ಯೂರೋ ಆರ್, ಎಕ್ಸ್‌ಪಲ್ಸ್ ಗಾಡಿಗಳ ಮಡ್‌ಗಾರ್ಡ್ ಎತ್ತರದಲ್ಲಿರುವುದು ಚಂದಕ್ಕಲ್ಲ. ತಗ್ಗಿನ ಮಡ್‌ಗಾರ್ಡ್ ಇರುವ ಗಾಡಿಯಾದರೆ ಕೆಸರಿನ ಹಾದಿಗೆ ಮೊದಲು ಬಿಚ್ಚಿಡಬಹುದು, ಆದರೆ ಬ್ರೇಕ್ ಹೋಸ್ ಅದಕ್ಕೇ ಕಟ್ಟಿರುತ್ತದೆ. ಅದನ್ನು ಫೋರ್ಕಿಗೆ ಬಿಗಿಯದೆ ಹೊರಟರೆ ಟೈರ್ ತಾಕಿ ಸವೆದು ಬ್ರೇಕೇ ಹೋದೀತು. ಬಿಚ್ಚಿದ ಮೇಲೆ ಕೆಸರೆಲ್ಲ ರೇಡಿಯೇಟರಿಗೆ ಹಾರುತ್ತದೆ, ಎರಿ ಒಣಗಿ ಸಿಮೆಂಟಿನ ಹಾಗೆ ಹಿಡಿದರೆ ಗಾಳಿ ಹಾಯುವುದಿಲ್ಲ. ಕಟ್ಟಿಗೆಯ ಚೂರಿನಿಂದ ಕೆರೆಯಬೇಡಿ, ರೇಡಿಯೇಟರಿನ ತೆಳು ರೆಕ್ಕೆ ಮಡಚುತ್ತವೆ. ನೀರು ಹಾಕಿ ನೆನೆಸಿ, ಎಂಜಿನ್ ಕಡೆಯಿಂದ ಹೊರಕ್ಕೆ ತೊಳೆಯಿರಿ. ಇಲ್ಲಿ ಆಯಿಲ್ ಕೂಲ್ಡ್ ಎಕ್ಸ್‌ಪಲ್ಸ್ 200ಕ್ಕೆ ಒಂದು ಅನುಕೂಲವಿದೆ: ತೂತು ಬಿದ್ದು ಕೂಲೆಂಟ್ ಸೋರುವ ರೇಡಿಯೇಟರ್ ಇಲ್ಲ. ಅದಕ್ಕೆ ಪ್ರತಿಯಾಗಿ ಮೇ ತಿಂಗಳ 43–44 ಡಿಗ್ರಿ ಬಿಸಿಲಲ್ಲಿ, ಮೊದಲ ಗೇರಿನಲ್ಲಿ ಅರ್ಧ ಗಂಟೆ ಒದ್ದಾಡಿದರೆ ಅದರ ಎಳೆತ ಕುಗ್ಗುವುದು ಗೊತ್ತಾಗುತ್ತದೆ. ಫ್ಯಾನ್ ಇರುವ 210 ಅಲ್ಲಿ ಮೇಲು.

ಅದೇ ಎರಿ ಬೇಸಿಗೆಯಲ್ಲಿ ಬೇರೆಯದೇ ಪ್ರಾಣಿ. ಬಂಡಿ, ಟ್ರ್ಯಾಕ್ಟರ್ ಗಾಲಿಯ ಜಾಡು ಕಲ್ಲಾಗಿ ನಿಂತಿರುತ್ತದೆ, ನೆಲ ಬಾಯಿ ಬಿಟ್ಟಿರುತ್ತದೆ. 21 ಇಂಚಿನ ಮುಂದಿನ ಚಕ್ರ ಈ ಬಿರುಕಿನ ಮೇಲೆ ಹಾದು ಹೋಗುತ್ತದೆ, 19 ಇಂಚಿನದು ಅಂಚಿಗೆ ಬಡಿಯುತ್ತದೆ. ವಿ-ಸ್ಟ್ರಾಮ್ ಎಸ್‌ಎಕ್ಸ್ ಅನ್ನು ಹೆದ್ದಾರಿ ಮತ್ತು ಹದಗೆಟ್ಟ ಡಾಂಬರಿಗೆ ಹೊಗಳಿ, ಬಂಡಿ ಹಾದಿಗೆ ಬೇಡ ಎನ್ನುವುದು ಇದೇ ಕಾರಣಕ್ಕೆ. ಅದರ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಬಂದ್ ಮಾಡಲು ಬರುವುದಿಲ್ಲ ಎನ್ನುವುದು ಇನ್ನೊಂದು ಕಾರಣ.

ಎಬಿಎಸ್ ಸಂಗತಿ ಬೀದರ್ ಕಡೆ ಚೆನ್ನಾಗಿ ಅರ್ಥವಾಗುತ್ತದೆ. ಅಲ್ಲಿಯದು ಜಂಬಿಟ್ಟಿಗೆಯ ಕೆಂಪು ನೆಲ, ಮಳೆ ಬಂದರೂ ಬೇಗ ನೀರು ಇಳಿದು ಗಟ್ಟಿಯಾಗುತ್ತದೆ. ಆದರೆ ಮೇಲೆ ಹರಡಿದ ಮುರುಮ್ (ಗರಸು) ಗುಂಡುಗಳು ಗೋಲಿಯಂತೆ ಉರುಳುತ್ತವೆ. ಇಳಿಜಾರಿನಲ್ಲಿ ಹಿಂದಿನ ಬ್ರೇಕ್ ಒತ್ತಿದರೆ ಚಕ್ರ ಜಾರತೊಡಗಿದ್ದನ್ನು ಕಂಡ ಎಬಿಎಸ್ ಬ್ರೇಕನ್ನು ಬಿಡುತ್ತ ಹಿಡಿಯುತ್ತ ಹೋಗುತ್ತದೆ, ಗಾಡಿ ನಿಲ್ಲುವುದೇ ಇಲ್ಲ. ಚಕ್ರ ಲಾಕ್ ಆಗಿ ಮುಂದೆ ಮುರುಮಿನ ಗುಡ್ಡೆ ಕಟ್ಟಿದರೇ ಇಂಥ ನೆಲದಲ್ಲಿ ನಿಲುಗಡೆ. ಹಿಮಾಲಯನ್ 450 ಮತ್ತು ಕೆಟಿಎಂಗಳಲ್ಲಿ ಹಿಂದಿನ ಚಕ್ರದ ಎಬಿಎಸ್ ಬಂದ್ ಮಾಡಬಹುದು. ಬಹಳಷ್ಟು ಗಾಡಿಗಳು ಕೀ ಬಂದ್ ಮಾಡಿ ಮತ್ತೆ ಚಾಲೂ ಮಾಡಿದಾಗ ಮೊದಲಿನ ಸ್ಥಿತಿಗೇ ಮರಳುತ್ತವೆ, ಚಹಾಕ್ಕೆ ನಿಂತು ಹೊರಟಾಗ ಇದು ಮರೆತು ಹೋಗುತ್ತದೆ. ಟೆಸ್ಟ್ ರೈಡಿನಲ್ಲಿಯೇ ಕೇಳಿಕೊಳ್ಳಿ.

ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತ ಫರ್ಸಿ ಕಲ್ಲಿನ ಗಣಿಗಳ ಹಾದಿ. ಪದರು ಪದರಾಗಿ ಒಡೆದ ಸುಣ್ಣದ ಕಲ್ಲಿನ ಅಂಚು ಕತ್ತಿಯ ಹಾಗೆ. ಟೈರಿನ ಪಕ್ಕೆ ಸೀಳುವುದು, ಎಂಜಿನ್ ತಳಕ್ಕೆ ಬಡಿಯುವುದು ಇಲ್ಲಿಯೇ. ಗಾಡಿಯ ಕೆಳಗೆ ಬಗ್ಗಿ ನೋಡಿ: ಪ್ಲೇಟ್ ಆಯಿಲ್ ಬೋಲ್ಟನ್ನು ಮುಚ್ಚಿದೆಯೋ, ಸೈಲೆನ್ಸರ್ ಕೊಳವೆ ಎಂಜಿನ್ನಿನ ಕೆಳಗಿಂದ ಹಾದಿದೆಯೋ? ಪ್ಲಾಸ್ಟಿಕ್ ಹೊದಿಕೆ ಇದ್ದರೆ ಅದನ್ನು ತೆಗೆದು 3–4 ಮಿ.ಮೀ. ಅಲ್ಯುಮಿನಿಯಂ ಪ್ಲೇಟ್ ಹಾಕಿಸಿ. ಗಣಿಯ ಬಿಳಿ ಧೂಳು ಏರ್ ಫಿಲ್ಟರನ್ನು ಬೇಗ ಕಟ್ಟುತ್ತದೆ. ಎಣ್ಣೆ ಹಚ್ಚಿದ ಕಾಗದದ ಫಿಲ್ಟರ್ ಹವಾ ಹೊಡೆದು ಸ್ವಚ್ಛ ಮಾಡುವಂಥದ್ದಲ್ಲ, ಹವಾ ಹೊಡೆದರೆ ಧೂಳು ಇನ್ನೂ ಒಳಕ್ಕೆ ಹೋಗುತ್ತದೆ, ಬದಲಿಸಬೇಕು. ತೊಳೆದು ಎಣ್ಣೆ ಹಚ್ಚಿ ಮತ್ತೆ ಹಾಕುವ ಫೋಮ್ ಫಿಲ್ಟರ್ ಸಿಗುವ ಗಾಡಿಯಾದರೆ ದೂರದ ಹಾದಿಗೆ ಅದೇ ಲೇಸು.

ಯಾದಗಿರಿ, ಶಹಾಪುರ, ಸುರಪುರದ ಕಡೆ ಕರಿಕಲ್ಲಿನ ಗುಡ್ಡ, ಭೀಮಾ ಮತ್ತು ಕೃಷ್ಣಾ ದಂಡೆಯ ಮರಳು. ಮರಳಿನಲ್ಲಿ ತೂಕದ ಸತ್ಯ ಎರಡೇ ನಿಮಿಷದಲ್ಲಿ ಬಯಲಾಗುತ್ತದೆ. ಎಕ್ಸ್‌ಪಲ್ಸ್, ಕೆಎಲ್‌ಎಕ್ಸ್ ತೇಲಿ ಹೋಗುವಲ್ಲಿ 196 ಕೆ.ಜಿ. ಗಾಡಿ ಹಿಂದಿನ ಚಕ್ರವನ್ನು ಆಕ್ಸಲ್‌ವರೆಗೆ ಹೂಳುತ್ತದೆ. ನಿಂತು ಓಡಿಸಿ, ತೂಕ ಹಿಂದಕ್ಕೆ ಹಾಕಿ, ಥ್ರಾಟಲ್ ಒಮ್ಮೆಲೇ ಮುಚ್ಚಬೇಡಿ. ಹೂತರೆ ಥ್ರಾಟಲ್ ಏರಿಸುವ ಬದಲು ಕೆಳಗಿಳಿದು ಗಾಡಿಯನ್ನು ಪಕ್ಕಕ್ಕೆ ಮಲಗಿಸಿ ಗುಂಡಿ ಮುಚ್ಚಿ, ಎತ್ತಿ ನಡೆಸಿ. ಹಗುರ ಗಾಡಿಗೆ ಮಾತ್ರ ಸಾಧ್ಯವಿರುವ ಉಪಾಯ ಇದು. ಮಳೆಗಾಲದಲ್ಲಿ ಭೀಮಾ, ಕಾಗಿಣಾ ಸೇತುವೆ ಮೇಲೆ ನೀರು ಹರಿಯುತ್ತಿದ್ದರೆ ಯಾವ ಗಾಡಿಯೂ ಬೇಡ. ಚಿಂಚೋಳಿಯ ಕಾಡಿಗೂ ಒಂದು ಮಾತು: ಅದು ವನ್ಯಜೀವಿಧಾಮ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಹಾದಿಗೆ ಇಳಿಯುವಂತಿಲ್ಲ.

ಪಂಚರ್ ವಿಷಯಕ್ಕೆ ಬಂದರೆ, ನಮ್ಮ ಕಡೆ ಶತ್ರುಗಳು ಇಬ್ಬರು. ಬಳ್ಳಾರಿ ಜಾಲಿಯ ಮುಳ್ಳು ವರ್ಷವಿಡೀ ಇರುತ್ತದೆ. ಡಿಸೆಂಬರ್, ಜನವರಿಯಲ್ಲಿ ತೊಗರಿ ಕೊಯ್ದ ಮೇಲೆ ಹೊಲದಲ್ಲಿ ಉಳಿಯುವ ಕೂಳೆ ಇನ್ನೊಬ್ಬ. ಓರೆಯಾಗಿ ಕೊಯ್ದ ಒಣ ಕಡ್ಡಿ ಮೊಳೆಗಿಂತ ಕೆಟ್ಟದು, ಟ್ರ್ಯಾಕ್ಟರ್ ಟೈರನ್ನೂ ಬಿಡುವುದಿಲ್ಲ. ಟ್ಯೂಬ್ ಟೈರಿಗೆ ಮುಳ್ಳು ಹೊಕ್ಕರೆ ಹವಾ ಕೂಡಲೇ ಇಳಿಯುತ್ತದೆ, ಟ್ಯೂಬ್‌ಲೆಸ್ಸಿನಲ್ಲಿ ಮುಳ್ಳು ತೆಗೆಯುವವರೆಗೂ ನಿಧಾನಕ್ಕೆ ಸೋರುತ್ತದೆ, ಪ್ಲಗ್ ಹಾಕಿದರೆ ಹತ್ತು ನಿಮಿಷದ ಕೆಲಸ. ಹಾಗೆಂದು ಅಲಾಯ್ ಚಕ್ರ ಹುಡುಕಿ ಹೋಗಬೇಡಿ, ಫರ್ಸಿ ಕಲ್ಲಿಗೆ ಬಡಿದು ಅಂಚು ಬಾಗಿದರೆ ಹವಾ ನಿಲ್ಲುವುದೇ ಇಲ್ಲ. ಸ್ಪೋಕ್ ಇದ್ದೂ ಟ್ಯೂಬ್‌ಲೆಸ್ ಆಗಿರುವ ಚಕ್ರ ಹಿಮಾಲಯನ್ 450ಕ್ಕೆ ಸಿಗುತ್ತದೆ. ಅದಕ್ಕೆ ಹೆಚ್ಚಿನ ಹಣ ಕೊಡುವುದು ದಂಡವಲ್ಲ.

ಟ್ಯೂಬ್ ಇರುವ ಗಾಡಿ ಕೊಂಡವರು ಒಂದೇ ಟ್ಯೂಬ್ ಒಯ್ಯುವುದಾದರೆ 21 ಇಂಚಿನದನ್ನು ಒಯ್ಯಿರಿ. ತುರ್ತಿಗೆ ಅದನ್ನು 18 ಇಂಚಿನ ಹಿಂದಿನ ಟೈರಿನೊಳಗೂ ಸೇರಿಸಬಹುದು, 18ರದ್ದನ್ನು 21ಕ್ಕೆ ಹಿಗ್ಗಿಸಲಾಗದು. ಜೊತೆಗೆ ಮೂರು ಟೈರ್ ಲೀವರ್, ಆಕ್ಸಲ್ ಪಾನಾ, ಕೈಪಂಪು, ಪ್ಯಾಚ್, ಸೊಲ್ಯೂಶನ್, ಚೈನ್ ಲಿಂಕ್ ಎರಡು, ಕ್ಲಚ್ ಮತ್ತು ಬ್ರೇಕ್ ಲಿವರ್. ಹೊಸ ಕ್ಲಚ್ ಕೇಬಲ್ಲನ್ನು ಚೀಲದಲ್ಲಿಡದೆ ಹಳೆಯದರ ಪಕ್ಕದಲ್ಲೇ ಎಳೆದು ಟೇಪ್ ಸುತ್ತಿಡಿ. ತುಂಡಾದಾಗ ಎರಡು ತುದಿ ಬದಲಿಸಿದರೆ ಮುಗಿಯಿತು, ಟ್ಯಾಂಕ್ ಬಿಚ್ಚಬೇಕಾಗಿಲ್ಲ.

ಹವಾ ಎಷ್ಟಿರಬೇಕು? ಡಾಂಬರಿಗೆ ಕಂಪನಿ ಹೇಳಿದಷ್ಟು. ಕೆಸರು, ಮರಳಿಗೆ ಟ್ಯೂಬ್ ಟೈರಾದರೆ 18 ಪಿಎಸ್‌ಐವರೆಗೆ ಇಳಿಸಬಹುದು. ಕಲ್ಲಿನ ಹಾದಿಯಲ್ಲಿ 22ಕ್ಕಿಂತ ಕೆಳಗೆ ಬೇಡ, ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತವೆ. 15ಕ್ಕಿಂತ ಕೆಳಗೆ ಇಳಿಸಿದರೆ ರಿಮ್ ಲಾಕ್ (ಟೈರನ್ನು ರಿಮ್ಮಿಗೆ ಬಿಗಿಹಿಡಿಯುವ ಕೊಂಡಿ) ಇಲ್ಲದ ಚಕ್ರದಲ್ಲಿ ಟೈರ್ ರಿಮ್ಮಿನ ಮೇಲೆಯೇ ಜಾರಿ ವಾಲ್ವನ್ನು ಬುಡಸಮೇತ ಕೀಳುತ್ತದೆ. ಡಾಂಬರಿಗೆ ಮರಳಿದ ಕೂಡಲೇ ಮತ್ತೆ ತುಂಬಿ.

ಇನ್ನು ಹೆದ್ದಾರಿಯ ಪಾಲು. ಬೀದರ್‌ನಿಂದ ಹುಮನಾಬಾದ್, ಕಲಬುರಗಿ, ಜೇವರ್ಗಿ ದಾಟುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಎಕ್ಸ್‌ಪಲ್ಸ್ 200 ನೆಮ್ಮದಿಯಿಂದ ಓಡುವುದು 80–85ರ ವೇಗದಲ್ಲಿ. 90 ದಾಟಿಸಿದರೆ ಕೈಗೆ ಜುಮು ಹಿಡಿಯುತ್ತದೆ, ಲಾರಿ ಹಿಂದಿಕ್ಕಲು ಮುಂಚೆಯೇ ಲೆಕ್ಕ ಹಾಕಬೇಕು. ಆರನೆಯ ಗೇರ್ ಮತ್ತು 24.6 ಪಿಎಸ್ ಇರುವ 210, 26.5 ಪಿಎಸ್‌ನ ವಿ-ಸ್ಟ್ರಾಮ್ 95–100ರಲ್ಲಿ ಆರಾಮ. ಹಿಮಾಲಯನ್ 450 ಮತ್ತು 390 ಅಡ್ವೆಂಚರ್ ದಿನವಿಡೀ 110. ಎತ್ತರದ ಲೆಕ್ಕವೂ ಇದೆ: 5000 ಮೀಟರ್ ಹತ್ತಿರದ ಕಣಿವೆ ದಾರಿಯಲ್ಲಿ ಗಾಳಿ ತೆಳುವಾಗಿ ಎಂಜಿನ್ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಶಕ್ತಿ ಕಳೆದುಕೊಳ್ಳುತ್ತದೆ. 40 ಪಿಎಸ್ ಅಲ್ಲಿ 25ರ ಹಾಗೆ, 19 ಪಿಎಸ್ 12ರ ಹಾಗೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೋಗುವವರು ಎಕ್ಸ್‌ಪಲ್ಸ್ 200 ಬಿಟ್ಟುಬಿಡುವುದು ವಾಸಿ. ಒಬ್ಬರೇ ಹೋಗುವವರು ಮುಂದಿನ ಸ್ಪ್ರಾಕೆಟ್ಟಿನ ಒಂದು ಹಲ್ಲು ಕಡಿಮೆ ಮಾಡಿಸಿದರೆ ಏರು ಹತ್ತುತ್ತದೆ, ಹೆದ್ದಾರಿಯ ವೇಗ ಇನ್ನೂ ತಗ್ಗುತ್ತದೆ, ಎರಡೂ ಒಟ್ಟಿಗೆ ಸಿಗದು.

ಟ್ಯಾಂಕ್ ನೋಡುವಾಗ ಲೀಟರ್ ಅಷ್ಟೇ ಅಲ್ಲ, ಮೈಲೇಜ್ ಗುಣಿಸಿ ನೋಡಿ. ಸಾಧಾರಣ ಓಟದಲ್ಲಿ ಎಕ್ಸ್‌ಪಲ್ಸ್ 200 ಲೀಟರಿಗೆ 35 ಕೊಟ್ಟರೆ 13 ಲೀಟರಿಗೆ 450 ಕಿ.ಮೀ.; ಹಿಮಾಲಯನ್ 28 ಕೊಟ್ಟರೆ 17 ಲೀಟರಿಗೆ 475. ಹೆಚ್ಚು ಕಡಿಮೆ ಒಂದೇ. ಮಣ್ಣಿನ ಹಾದಿಯಲ್ಲಿ ಇದರಿಂದ ಕಾಲು ಭಾಗ ಕಳೆಯಿರಿ. ಮೂರು ಜಿಲ್ಲೆಯೊಳಗೆ ಪೆಟ್ರೋಲ್ ಚಿಂತೆ ಇಲ್ಲ. ಆದರೆ ಮನಾಲಿಯಿಂದ ಲಡಾಖ್‌ಗೆ ಹೋಗುವ ಹಾದಿಯಲ್ಲಿ, ಲಾಹೌಲ್‌ನ ತಾಂಡಿಯ ಬಂಕಿನಲ್ಲಿ ಮುಂದಿನ ಬಂಕ್ 365 ಕಿ.ಮೀ. ದೂರ ಎಂದು ಬರೆದ ಫಲಕ ಹೆಸರುವಾಸಿ. ಅಲ್ಲಿ ಎಂಡ್ಯೂರೋ ಆರ್‌ನ 9 ಲೀಟರ್, ಕೆಎಲ್‌ಎಕ್ಸ್‌ನ 7.6 ಲೀಟರ್ ಕ್ಯಾನ್ ಇಲ್ಲದೆ ಮುಟ್ಟುವುದಿಲ್ಲ. ಮಣ್ಣಿನಲ್ಲಿ ಈ ಎರಡನ್ನು ಮೀರಿಸುವ ಗಾಡಿ ಪಟ್ಟಿಯಲ್ಲಿಲ್ಲ, ದೂರ ಪ್ರಯಾಣಕ್ಕೆ ಮಾತ್ರ ತೆಳು ಸೀಟು, ಸಣ್ಣ ಟ್ಯಾಂಕು ಎರಡೂ ಅಡ್ಡಿ.

ಹಣದ ಮಾತು ಬಂದರೆ, 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗೆ ಜಿಎಸ್‌ಟಿ 18ಕ್ಕೆ ಇಳಿದು, ಅದರ ಮೇಲಿನದಕ್ಕೆ 40 ಪರ್ಸೆಂಟ್ ಆದದ್ದನ್ನು ಮರೆಯಬೇಡಿ. 210 ಮತ್ತು 450ರ ನಡುವಿನ ಅಂತರ ಹಿಗ್ಗಿದೆ; ಉಳಿದ ಹಣದಲ್ಲಿ ಒಳ್ಳೆಯ ಟೈರ್, ಬೂಟು, ಮೊಳಕಾಲು ಗಾರ್ಡ್ ಬರುತ್ತವೆ.

ಹಾಗಾದರೆ ಯಾರಿಗೆ ಯಾವುದು? ವಾರದ ಕೊನೆಗೆ ಮಣ್ಣು, ವರ್ಷಕ್ಕೊಮ್ಮೆ ದೂರ, ಒಬ್ಬರೇ: ಎಕ್ಸ್‌ಪಲ್ಸ್ 210, ಎರಡನೆಯ ಮಾತಿಲ್ಲ. ಕೈಯಲ್ಲಿ ಹಣ ಕಮ್ಮಿ, ಕಲಿಯುವ ಮನಸ್ಸಿದೆ: ಎಕ್ಸ್‌ಪಲ್ಸ್ 200, ಹಳೆಯದಾದರೂ ಸರಿ. ಜೋಡಿಯಾಗಿ ದೂರ ಹೋಗುವವರು, ಐದೂವರೆ ಅಡಿ ದಾಟಿದ ಎತ್ತರ, ಎತ್ತುವ ಪರೀಕ್ಷೆ ಪಾಸಾದವರು ಹಿಮಾಲಯನ್ 450. ನಡುವಿನ 390 ಅಡ್ವೆಂಚರ್ ಓಡಿಸಲು ಚುರುಕು, ಆದರೆ ಕೆಳಗಿನ ಆರ್‌ಪಿಎಂನಲ್ಲಿ ಹಿಮಾಲಯನ್‌ನಷ್ಟು ಸಮಾಧಾನದ ಎಳೆತ ಕೊಡುವುದಿಲ್ಲ, ಕೆಸರಲ್ಲಿ ಕ್ಲಚ್ ಮೇಲೆ ಬೆರಳು ಇಟ್ಟೇ ಇರಬೇಕು. ಡಾಂಬರೇ ಹೆಚ್ಚು ಎನ್ನುವವರು ವಿ-ಸ್ಟ್ರಾಮ್ ತಗೊಂಡು ನೆಮ್ಮದಿಯಾಗಿರಬಹುದು.

ಕುಳ್ಳಗಿರುವವರು ಸೀಟ್ ಎತ್ತರದ ಅಂಕಿ ನೋಡಿ ಹೆದರಬೇಡಿ. ಕೂತಾಗ ಸಸ್ಪೆನ್ಷನ್ ತನ್ನ ಚಲನೆಯ ಮೂರರಲ್ಲೊಂದು ಪಾಲು ಇಳಿಯಬೇಕು, 200 ಮಿ.ಮೀ. ಇದ್ದರೆ ಸುಮಾರು 65. ಅಷ್ಟು ಇಳಿಯದಿದ್ದರೆ ಹಿಂದಿನ ಪ್ರೀಲೋಡ್ (ಸ್ಪ್ರಿಂಗಿನ ಬಿಗಿ) ಸಡಿಲಿಸಿ. ಎರಡೂ ಪಾದದ ಮುಂಭಾಗ ನೆಲಕ್ಕೆ ತಾಕಿದರೆ ಸಾಕು. ಗಾಡಿಯನ್ನು ತಗ್ಗಿಸುವ ಲೋವರಿಂಗ್ ಲಿಂಕ್ ಹಾಕಿಸುವ ಸಲಹೆ ಕೇಳಬೇಡಿ, ಗ್ರೌಂಡ್ ಕ್ಲಿಯರೆನ್ಸ್ ಹೋಗಿ ಸೈಡ್ ಸ್ಟ್ಯಾಂಡ್ ಉದ್ದವಾಗಿ ಗಾಡಿ ಆಚೆ ಬೀಳುತ್ತದೆ.

ಹಳೆಯ ಹಿಮಾಲಯನ್ 411 ಅಥವಾ ಎಕ್ಸ್‌ಪಲ್ಸ್ ನೋಡುವವರು ಪಾಲಿಶ್ ಮಾಡಿದ ಟ್ಯಾಂಕ್ ಬಿಟ್ಟು ಕೆಳಗೆ ನೋಡಿ. ಮುಂದಿನ ಚಕ್ರ ನೆಲದಿಂದ ಎತ್ತಿಸಿ ಹ್ಯಾಂಡಲ್ ಮೆಲ್ಲಗೆ ತಿರುಗಿಸಿದಾಗ ನಡುವಿನಲ್ಲಿ ಗುಂಡಿಗೆ ಬಿದ್ದಂತೆ ತಡೆದರೆ ಸ್ಟೀರಿಂಗ್ ಬೇರಿಂಗ್ ಹೋಗಿದೆ. ಸ್ಪೋಕುಗಳನ್ನು ಪಾನಾದಿಂದ ಒಂದೊಂದಾಗಿ ತಟ್ಟಿ, ಮಂದ ಸದ್ದು ಬಂದದ್ದು ಸಡಿಲ. ಹಿಂದಿನ ಚಕ್ರ ಹಿಡಿದು ಅಡ್ಡಡ್ಡ ಅಲುಗಾಡಿಸಿದರೆ ಸ್ವಿಂಗ್ ಆರ್ಮಿನ ಬುಷ್ ಸವೆದಿದೆಯೋ ತಿಳಿಯುತ್ತದೆ. ಆಯಿಲ್ ಕಿಟಕಿಯಲ್ಲಿ ಹಾಲು ಬೆರೆಸಿದ ಚಹಾದ ಬಣ್ಣ ಕಂಡರೆ ಎಂಜಿನ್ ನೀರು ಕುಡಿದಿದೆ, ಬೆಲೆ ಎಷ್ಟೇ ಇಳಿಸಿದರೂ ಬೇಡ.

ಹೊಸದಾದರೆ ಮುಂಗಡ ಕೊಡುವ ಮೊದಲು ಷೋರೂಮಿನ ಬಿಡಿಭಾಗದ ಕೌಂಟರಿಗೆ ಹೋಗಿ ನಾಲ್ಕು ಸಾಮಾನು ಕೇಳಿ: ಕ್ಲಚ್ ಲಿವರ್, ಏರ್ ಫಿಲ್ಟರ್, ಕ್ಲಚ್ ಪ್ಲೇಟ್, ಮುಂದಿನ ಬ್ರೇಕ್ ಪ್ಯಾಡ್. ನಾಲ್ಕರಲ್ಲಿ ಮೂರು ಅಲ್ಲೇ ಕೈಗೆ ಬಂದರೆ ಆ ಊರಲ್ಲಿ ಆ ಗಾಡಿ ಸಾಕಬಹುದು. ಎಲ್ಲಕ್ಕೂ ಹೈದರಾಬಾದ್ ಅಥವಾ ಸೊಲ್ಲಾಪುರದಿಂದ ತರಿಸಬೇಕು, ಹದಿನೈದು ದಿನ ಅಂದರೆ, ಆ ನಾಲ್ಕರ ಬೆಲೆಯನ್ನೂ ಗಾಡಿಯ ಬೆಲೆಗೆ ಸೇರಿಸಿ, ಒಂದೊಂದು ತಂದು ಮನೆಯಲ್ಲಿಟ್ಟುಕೊಂಡೇ ಹಾದಿ ಹಿಡಿಯಿರಿ.